ಸಾಕ್ಷಿಯೂ ತೀರ್ಪೂ

ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರನ್ನೂ ಅಪರಾಧಿಯೆಂದು ನಿರ್ಣಯಿಸಬಾರದೆಂಬದು ಮೋಶೆಯ ಕಾಲದಿಂದ ಬಂದ ನ್ಯಾಯವಾಗಿದೆ. ಇದು ನ್ಯಾಯಸ್ಥಾನಕ್ಕೆ ಮಾತ್ರ ಸೇರಿದ್ದೆಂದು ಎಣಿಸಬೇಡಿರಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ಊರುಗಳ ರಸ್ತೆಬದಿಯ ಗ್ಯಾರೇಜುಗಳಲ್ಲಿಯೂ ಇದು ದಿನಾಲು ಬೇಕಾಗಿರುವದು. ಅದು ಹೇಗೆಂಬದನ್ನು ವಿಚಾರಿಸೋಣ.

ಚಿಂತಾಮಣಿಯಿಂದ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಜನರನ್ನು ಕರೆದುಕೊಂಡು ಹೋಗಿ ಜೀವನಮಾಡುವ ಬಾಡಿಗೆ ಕಾರಿನವನೊಬ್ಬನನ್ನು ಭಾವಿಸಿರಿ. ಅವನ ಕಾರು ಓಡುವಾಗ ಚೆನ್ನಾಗಿ ಓಡುತ್ತದೆ. ನಿಂತಾಗ ಎಂಜಿನು ನಡುಗುತ್ತದೆ, ಕೆಲವು ವೇಳೆ ಆರಿಯೂ ಹೋಗುತ್ತದೆ. ಐಡ್ಲಿಂಗ್ ಸರಿಯಿಲ್ಲವೆಂದು ಗ್ಯಾರೇಜಿನವರು ಹೇಳುವದು ಇದನ್ನೇ. ಸ್ವಸ್ಥವಾದ ಪೆಟ್ರೋಲ್ ಎಂಜಿನು ಬಿಸಿಯಾದ ಮೇಲೆ, ನಿಂತಲ್ಲಿ ನಿಮಿಷಕ್ಕೆ ಸುಮಾರು ೭೦೦ರಿಂದ ೯೦೦ ಸುತ್ತು ಸಮವಾಗಿ ತಿರುಗತಕ್ಕದ್ದು.

ಮೆಕ್ಯಾನಿಕನು ಸ್ಟೀರಿಂಗಿನ ಕೆಳಗಿರುವ ೧೬ ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರನ್ನು ಜೋಡಿಸುತ್ತಾನೆ. ಈ ಏರ್ಪಾಡು ಅಮೆರಿಕಾ ದೇಶದ ಕಾರುಗಳಲ್ಲಿ ೧೯೯೬ರಿಂದ ಕಡ್ಡಾಯವಾಯಿತು. ನಮ್ಮ ಈಗಿನ ಕಾರುಗಳಲ್ಲಿಯೂ ಇದೆ. ಪರದೆಯ ಮೇಲೆ ಪಿ ೦೧೭೧ ಎಂಬ ಸಂಕೇತವು ಕಾಣುತ್ತದೆ. ಕೂಡಲೇ ಅವನು, ಆಕ್ಸಿಜನ್ ಸೆನ್ಸರ್ ಕೆಟ್ಟಿದೆ, ಹೊಸದು ಹಾಕಬೇಕು ಎನ್ನುತ್ತಾನೆ. ಬಡವನು ಎಷ್ಟೋ ದಿನಗಳ ದುಡಿತವನ್ನು ಎಣಿಸಿಕೊಡುತ್ತಾನೆ. ಒಂದು ವಾರದೊಳಗೆ ಅದೇ ನಡುಕವು ತಿರಿಗಿ ಬರುತ್ತದೆ. ಇಲ್ಲಿ ನಡೆದ ಅನ್ಯಾಯವೇನು?

ಮೊದಲನೆಯದಾಗಿ, ಸಾಕ್ಷಿಯು ಹೇಳಿದ್ದೇನು, ಹೇಳದೆ ಇದ್ದದ್ದೇನು ಎಂಬದನ್ನು ತಿಳಿಯಬೇಕು. ಪಿ ೦೧೭೧ ಎಂಬದಕ್ಕೆ, ಎಂಜಿನಿನ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದಷ್ಟೇ ಅರ್ಥ. ಕಾರಣವನ್ನು ಅದು ಹೇಳಲಿಲ್ಲ. ಗಾಳಿಯ ರಬ್ಬರ್ ಕೊಳವೆ ಸೀಳಿರಬಹುದು, ಗ್ಯಾಸ್ಕೆಟ್ ಸೋರುತ್ತಿರಬಹುದು, ಪೆಟ್ರೋಲ್ ಪಂಪು ಬಲಹೀನವಾಗಿರಬಹುದು, ಗಾಳಿಯನ್ನು ಅಳೆಯುವ ಸೆನ್ಸರಿಗೆ ಧೂಳು ಹತ್ತಿರಬಹುದು. ಆಕ್ಸಿಜನ್ ಸೆನ್ಸರ್ ಬಹಳ ಸಾರಿ ಸತ್ಯವನ್ನೇ ಹೇಳಿರುತ್ತದೆ. ಸತ್ಯ ಹೇಳಿದ ಸಾಕ್ಷಿಯನ್ನೇ ಅಪರಾಧಿಯೆಂದು ಹೊರಗೆ ಹಾಕಿದರೆ ಅಪರಾಧಿಯು ಒಳಗೇ ಉಳಿಯುವನಲ್ಲವೇ?

ಎರಡನೆಯದಾಗಿ, ಮತ್ತೊಬ್ಬ ಸಾಕ್ಷಿಯನ್ನು ಕರೆಯಬೇಕು. ಅದೇ ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್ ಎಂಬ ಲೆಕ್ಕವಿದೆ. ಕಂಪ್ಯೂಟರು ಪೆಟ್ರೋಲನ್ನು ನೂರಕ್ಕೆ ಎಷ್ಟು ಹೆಚ್ಚಿಸುತ್ತಿದೆ, ಎಷ್ಟು ತಗ್ಗಿಸುತ್ತಿದೆ ಎಂಬದನ್ನು ಅದು ತೋರಿಸುತ್ತದೆ. ಐಡ್ಲಿಂಗಿನಲ್ಲಿ ಒಮ್ಮೆ, ೨೫೦೦ ಸುತ್ತಿನಲ್ಲಿ ಒಮ್ಮೆ ಅದನ್ನು ನೋಡಬೇಕು. ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರುಳ್ಳ ಎಂಜಿನಿನಲ್ಲಿ, ನಿಂತಾಗ ಲೆಕ್ಕವು ೨೦ಕ್ಕೆ ಏರಿ, ವೇಗದಲ್ಲಿ ೩ಕ್ಕೋ ೪ಕ್ಕೋ ಇಳಿದರೆ ಗಾಳಿಯ ಸೋರಿಕೆಯನ್ನು ಸಂಶಯಿಸಬೇಕು. ಯಾಕಂದರೆ ನಿಂತಾಗ ಎಂಜಿನು ಸೇವಿಸುವ ಗಾಳಿಯು ಸ್ವಲ್ಪವೇ. ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ವೇಗದಲ್ಲಿ ಗಾಳಿಯು ಬಹಳ. ಅದೇ ಸೋರಿಕೆಯು ಅದರಲ್ಲಿ ಅಡಗಿಹೋಗುತ್ತದೆ. ಇದಕ್ಕೆ ವಿರೋಧವಾಗಿ ವೇಗ ಹೆಚ್ಚಿದಷ್ಟೂ ಲೆಕ್ಕವು ಏರಿದರೆ ಪಂಪನ್ನೂ ಫಿಲ್ಟರನ್ನೂ ನೋಡತಕ್ಕದ್ದು. ಕೊನೆಗೆ, ಎಂಜಿನನ್ನು ನಿಲ್ಲಿಸಿ ಗಾಳಿಯ ದಾರಿಯೊಳಗೆ ಹೊಗೆಯನ್ನು ಬಿಟ್ಟರೆ ಸೀಳಿದ ಸ್ಥಳದಿಂದ ಅದು ಹೊರಗೆ ಬಂದು ಕಣ್ಣಿಗೇ ಕಾಣಿಸುವದು. ಸಂಕೇತ, ಲೆಕ್ಕ, ಹೊಗೆ ಈ ಮೂರೂ ಒಂದೇ ಮಾತನ್ನು ಹೇಳಿದ ಮೇಲೆ ತೀರ್ಪು ಕೊಡಬಹುದು.

ಮೂರನೆಯದಾಗಿ, ಸಾಕ್ಷಿಯ ಮಾತನ್ನು ಸ್ಥಳವರಿತು ತೂಗಬೇಕು. ಎಂಜಿನು ಗಾಳಿಯನ್ನು ಎಳೆಯುವ ಬಲವನ್ನು ತೋರಿಸುವ ವ್ಯಾಕ್ಯೂಮ್ ಗೇಜಿನಲ್ಲಿ, ನೆಲವು ಪ್ರತಿ ೧೦೦೦ ಅಡಿ ಎತ್ತರವಾದಂತೆ ಪಾದರಸದ ಲೆಕ್ಕವು ಸುಮಾರು ಒಂದೊಂದು ಅಂಗುಲ ಇಳಿಯುತ್ತದೆ. ಚಿಕ್ಕಬಳ್ಳಾಪುರವು ಸಮುದ್ರಮಟ್ಟಕ್ಕಿಂತ ಸುಮಾರು ೩೦೦೦ ಅಡಿ ಮೇಲಿದೆ. ಆದಕಾರಣ ಮಂಗಳೂರಿನಲ್ಲಿ ೧೮ ಅಂಗುಲ ತೋರಿಸುವ ಒಳ್ಳೇ ಎಂಜಿನು ಇಲ್ಲಿ ಸುಮಾರು ೧೫ ತೋರಿಸುವದು. ಸಮುದ್ರತೀರದ ಅಳತೆಯನ್ನು ಹಿಡಿದುಕೊಂಡು ಅದನ್ನು ರೋಗಿಯೆಂದರೆ ಅದು ಸುಳ್ಳು ತೀರ್ಪು.

ಇನ್ನೊಂದು ಎಚ್ಚರಿಕೆಯುಂಟು. ಸ್ಕ್ಯಾನರಿನ ಒಂದು ಗುಂಡಿಯನ್ನು ಒತ್ತಿದರೆ ಸಂಕೇತವೆಲ್ಲಾ ಅಳಿಸಿಹೋಗುವದು, ಎಚ್ಚರಿಕೆಯ ದೀಪವು ಆರುವದು. ದೀಪವು ಆರಿದರೆ ದೋಷವು ಹೋಯಿತೇ? ಇಲ್ಲ. ಕಾರಿನವನು ಸಮಾಧಾನದಿಂದ ಹಣ ಕೊಟ್ಟು ಹೋಗುತ್ತಾನೆ; ಸೀಳಿದ ಕೊಳವೆಯು ಅವನ ಸಂಗಡವೇ ಹೋಗುತ್ತದೆ. ಸಮಾಧಾನವಿಲ್ಲದಿರುವಾಗ ಸಮಾಧಾನವೆಂದು ಸಾರುವವರ ಕೆಲಸವು ಇಂಥದ್ದೇ.

ಆದಕಾರಣ ಗ್ಯಾರೇಜಿನಲ್ಲಿ ದುಡಿಯುವ ಸಹೋದರರೇ, ಪರೀಕ್ಷಿಸುವ ಮೊದಲು ಸಾಮಾನು ಬದಲಾಯಿಸಬೇಡಿರಿ. ತೆಗೆದ ಹಳೆಯ ಸಾಮಾನನ್ನು ಯಜಮಾನನ ಕೈಗೆ ಕೊಟ್ಟು ದೋಷವನ್ನು ತೋರಿಸಿರಿ. ಪರೀಕ್ಷೆಗೆ ತಗಲಿದ ಹೊತ್ತಿಗೂ ಕೂಲಿಯನ್ನು ನಾಚಿಕೆಯಿಲ್ಲದೆ ಕೇಳಿರಿ, ಅದು ನ್ಯಾಯವಾದದ್ದು. ಕಾರುಳ್ಳವರೇ, ಆ ಕೂಲಿಯನ್ನು ಕೊಡಲು ಹಿಂಜರಿಯಬೇಡಿರಿ. ನಿಮ್ಮ ಅವಸರವೇ ಅನೇಕ ಸಾರಿ ಅವನನ್ನು ಊಹೆಗೆ ನೂಕುವದು. ಕಬ್ಬಿಣದ ಯಂತ್ರಕ್ಕೇ ಇಷ್ಟು ವಿಚಾರಣೆ ಬೇಕಾದರೆ, ನೆರೆಯವನ ವಿಷಯದಲ್ಲಿ ಒಬ್ಬರ ಬಾಯಿಂದ ಕೇಳಿದ ಮಾತನ್ನು ಸಂಜೆಯೊಳಗೆ ಊರೆಲ್ಲಾ ಹರಡುವ ನಾವು ಎಷ್ಟು ಹೆಚ್ಚಾಗಿ ತಾಳಬೇಕು! ಮುಂದಿನ ಸಾರಿ ಅಂಥ ಮಾತು ಕಿವಿಗೆ ಬಿದ್ದಾಗ, ಎರಡನೆಯ ಸಾಕ್ಷಿ ಯಾರೆಂದು ಮೊದಲು ಕೇಳೋಣ.