ಗುರುವಾರದ ಕಡಲೆ ನಾಯಿಗೆ ಹಾಕಬಹುದೇ?

ಪ್ರಶ್ನೆ: ಮಗಳ ಮದುವೆ ತಡವಾಗುತ್ತಿದೆ ಎಂದು ಜ್ಯೋತಿಷಿಗಳೊಬ್ಬರನ್ನು ಕೇಳಿದ್ದೆ. ಗುರುಬಲವಿಲ್ಲ, 16 ಗುರುವಾರ ಒಂದು ಹಿಡಿ ಕಡಲೆಕಾಳು ನೆನೆಸಿ ಬೆಲ್ಲದೊಂದಿಗೆ ಹಸುವಿಗೋ ನಾಯಿಗೋ ತಿನ್ನಿಸಿ ಎಂದರು. ನಮ್ಮ ಅಪಾರ್ಟ್‌ಮೆಂಟ್ ಕಡೆ ಹಸು ಸಿಗುವುದಿಲ್ಲ. ಗೇಟಿನ ಬಳಿ ಇರುವ ನಾಯಿಗೇ ಹಾಕುತ್ತಾ ಬಂದೆ. 11ನೇ ವಾರ ಅದಕ್ಕೆ ವಾಂತಿ ಶುರುವಾಗಿ ಎರಡು ದಿನ ಮೇಲೇಳಲಿಲ್ಲ. ಹಸಿಕಾಳು ಜೀರ್ಣವಾಗದೆ ಹೀಗಾಗಿದೆ ಎಂದರು ಪಶುವೈದ್ಯರು. ಈಗ ಹುಷಾರಾಗಿದೆ, ಆದರೆ ನನ್ನ ಕೈಯಿಂದ ಏನೂ ತಿನ್ನುವುದಿಲ್ಲ. “ನಿಮ್ಮ ದೋಷ ಅದು ತೆಗೆದುಕೊಂಡಿತು, ಒಳ್ಳೆಯದೇ ಆಯಿತು” ಅಂತಾರೆ ಪಕ್ಕದ ಮನೆಯವರು. ನನಗೆ ಸಮಾಧಾನವಿಲ್ಲ. ಪಾಪ ಬಂತೇ? ವ್ರತವನ್ನು ಮತ್ತೆ ಮೊದಲಿನಿಂದ ಮಾಡಬೇಕೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ತಾಯಿ, ವ್ರತದ ಪ್ರಶ್ನೆ ಸುಲಭದ್ದು, ಅದನ್ನು ಕೊನೆಗೆ ಹೇಳುತ್ತೇನೆ. ಪಾಪದ ಪ್ರಶ್ನೆ ಅಷ್ಟು ಸುಲಭವಲ್ಲ. ಯಾಕಂದರೆ ಅದರಲ್ಲಿ ನನ್ನಂಥವರ ಪಾಲೂ ಇದೆ.

ನವಗ್ರಹಗಳಿಗೆ ಒಂದೊಂದು ಧಾನ್ಯ ಹೇಳಿದೆ. ಚಂದ್ರನಿಗೆ ಅಕ್ಕಿ, ಕುಜನಿಗೆ ತೊಗರಿ, ಬುಧನಿಗೆ ಹೆಸರು, ಗುರುವಿಗೆ ಕಡಲೆ, ಕೇತುವಿಗೆ ಹುರುಳಿ, ಹೀಗೆ. ಇವು ದಾನದ ಧಾನ್ಯಗಳು. ದಾನ ತೆಗೆದುಕೊಂಡವರು ಮನೆಗೆ ಒಯ್ದು, ಬೇಯಿಸಿ ಉಣ್ಣುತ್ತಾರೆ. ಆದ್ದರಿಂದ ಹಸಿಧಾನ್ಯವನ್ನೇ ಕೊಡುವುದು ಸರಿ. ನೆನೆಸಿದ ಕಡಲೆಯನ್ನು ಗೋವಿಗೆ ಕೊಡುವ ರೂಢಿ ಇದೆ, ಅದೂ ಸರಿಯೇ. ಹಸು ನುಂಗಿದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕಿ ಅರೆಯತ್ತೆ. ನಾಯಿ ಹಾಗಲ್ಲ. ಅದು ಅಗಿಯುವುದೇ ಕಡಿಮೆ, ಗಬಗಬ ನುಂಗಿಬಿಡತ್ತೆ. ಬೆಲ್ಲ ಸವರಿದ್ದರಂತೂ ಕೇಳುವುದೇ ಬೇಡ. ಗಟ್ಟಿ ಕಾಳು ಗಂಟಲಲ್ಲಿ ಸಿಕ್ಕಬಹುದು, ಇಲ್ಲವೇ ಹೊಟ್ಟೆಗಿಳಿದು ಉಬ್ಬಿ ಕೂರಬಹುದು. ನಗರದಲ್ಲಿ ಹಸು ಕಾಣೆಯಾದ ಮೇಲೆ, “ಹಸುವಿಗೆ” ಎಂದು ಹೇಳುತ್ತಿದ್ದ ಮಾತಿಗೆ ನಾವು ಜ್ಯೋತಿಷಿಗಳು “ನಾಯಿಗೋ” ಎಂದು ಒಂದು ಬಾಲ ಸೇರಿಸಿಬಿಟ್ಟೆವು. ನಾನೂ ಹೇಳಿದ್ದೇನೆ. ಹಾಗೆ ಹೇಳುವಾಗ ನಾಯಿಯ ಹಲ್ಲನ್ನು ನೆನೆದವನಲ್ಲ.

ಹಾಗಾದರೆ ಶಾಸ್ತ್ರದಲ್ಲಿ ನಾಯಿಗೆ ಆಹಾರ ಹೇಳಿಲ್ಲವೇ? ಧಾರಾಳವಾಗಿ ಹೇಳಿದೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ, ಈ ಐದರಿಂದ ಗೃಹಸ್ಥನಿಗೆ ಗೊತ್ತಿಲ್ಲದೆಯೇ ದಿನವೂ ಜೀವಹಿಂಸೆ ಆಗತ್ತೆ. ಅದರ ಪರಿಹಾರಕ್ಕೆಂದೇ ಪಂಚಮಹಾಯಜ್ಞಗಳು. ಅವುಗಳಲ್ಲಿ ಭೂತಯಜ್ಞ ಒಂದು. ವೈಶ್ವದೇವದಲ್ಲಿ ಶ್ಯಾಮ, ಶಬಲ ಎಂಬ ಯಮನ ಎರಡು ನಾಯಿಗಳನ್ನು ನೆನೆದು ಬಲಿ ಇಡುತ್ತೇವೆ. ಗಮನಿಸಿ, ಅಲ್ಲಿ ಇಡುವುದು ಬೆಂದ ಅನ್ನ, ಮನೆಯವರು ಉಣ್ಣುವ ಅನ್ನ. ನಾಯಿ, ಕಾಗೆಗಳಿಗೆ ಇಡುವಾಗ ನೆಲದ ಮೇಲೆ ಮೆಲ್ಲಗೆ ಇಡಬೇಕು ಎಂದು ಮನುಸ್ಮೃತಿಯಲ್ಲಿದೆ. ಪಾಠಶಾಲೆಯಲ್ಲಿದ್ದಾಗ ಒಮ್ಮೆ ನಾನು ನಿಂತಲ್ಲಿಂದಲೇ ಅನ್ನದ ಉಂಡೆ ಬೀಸಿ ಎಸೆದಿದ್ದೆ. ಗುರುಗಳು ನನ್ನನ್ನು ಕೂರಿಸಿ, ಮಣ್ಣಾದ ಅನ್ನವನ್ನೆಲ್ಲ ಆಯಿಸಿ, ಬೇರೆ ಉಂಡೆ ಕೊಟ್ಟು, ಬಗ್ಗಿ ಇಡಿಸಿದರು. ಆಮೇಲೆ ನಾಯಿ ತಿಂದು ಮುಗಿಸುವವರೆಗೂ ಅಲ್ಲೇ ನಿಲ್ಲಿಸಿದರು. ಆಗ ನನಗೆ ಹಸಿವು, ಸಿಟ್ಟೂ ಬಂದಿತ್ತು. ಇಡುವುದಷ್ಟೇ ಅಲ್ಲ, ಅದು ತಿಂದದ್ದನ್ನು ನೋಡುವುದೂ ಬಲಿಯ ಭಾಗ ಎಂದು ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಈಗ ಪಾಪದ ಮಾತು. ಗೊತ್ತಿಲ್ಲದೆ ಮಾಡಿದ್ದಕ್ಕೂ ಗೊತ್ತಿದ್ದು ಮಾಡಿದ್ದಕ್ಕೂ ಧರ್ಮಶಾಸ್ತ್ರ ಒಂದೇ ತೂಕ ಕೊಡುವುದಿಲ್ಲ. ನೀವು ಮಾಡಿದ್ದು ಗೊತ್ತಿಲ್ಲದೆ. ಆಸ್ಪತ್ರೆಗೂ ತೋರಿಸಿದ್ದೀರಿ. ಅದೇ ಪ್ರಾಯಶ್ಚಿತ್ತ, ಬೇರೆ ಶಾಂತಿ ಹೋಮ ಬೇಡ. ಯಾರಾದರೂ ಹೇಳಿದರೂ ಬೇಡ. ನೋಡದೆ ವಿಧಿ ಹೇಳಿದವರ ಪಾಲು ನಿಮ್ಮದಕ್ಕಿಂತ ಹೆಚ್ಚು. ಆದರೂ ನಿಮ್ಮನ್ನು ಒಂದು ಮಾತು ಕೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಆ ಹತ್ತು ವಾರ ಅದರ ಹೊಟ್ಟೆ ಸರಿಯಾಗಿತ್ತೇ? ನೀವು ನೋಡಿರಲಿಕ್ಕಿಲ್ಲ. ಕಣ್ಣು ವಾರದ ಲೆಕ್ಕದ ಮೇಲಿತ್ತು, ಮನಸ್ಸು ಮಗಳ ಮೇಲಿತ್ತು. ತಾಯಿಯಾದವಳಿಗೆ ಅದು ಸಹಜ. ಕಾಮ್ಯಕರ್ಮವನ್ನು, ಅಂದರೆ ಒಂದು ಆಸೆ ಇಟ್ಟುಕೊಂಡು ಮಾಡುವ ಕರ್ಮವನ್ನು, ಶಾಸ್ತ್ರ ಬೇಡವೆಂದಿಲ್ಲ. ಆದರೆ ಗೀತೆಯ 17ನೇ ಅಧ್ಯಾಯದಲ್ಲಿ ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರ ಮೂರನ್ನೂ ಹೇಳಿದೆ. ನಾವು ಗುರುವಾರ ನೋಡುತ್ತೇವೆ, ರಾಹುಕಾಲ ನೋಡುತ್ತೇವೆ, ಎದುರಿಗಿರುವ ಪಾತ್ರವನ್ನೇ ನೋಡುವುದಿಲ್ಲ. ಕೊಡುವ ವಸ್ತು ತೆಗೆದುಕೊಳ್ಳುವವರಿಗೆ ಆಗಿಬರತ್ತೋ ಇಲ್ಲವೋ ಎಂಬುದೂ ಪಾತ್ರವಿಚಾರವೇ ಎಂದು ನನ್ನ ಅಭಿಪ್ರಾಯ. ಹಲ್ಲಿಲ್ಲದ ಅಜ್ಜನಿಗೆ ಚಕ್ಕುಲಿ ಕೊಟ್ಟು ದಾನ ಮಾಡಿದೆ ಅನ್ನಕ್ಕಾಗತ್ತಾ?

ಪಕ್ಕದ ಮನೆಯವರ ಮಾತನ್ನು ಮಾತ್ರ ಒಪ್ಪಬೇಡಿ. ನಮ್ಮ ಕರ್ಮ ಕಡಲೆಯ ಜೊತೆ ನಾಯಿಯ ಹೊಟ್ಟೆಗೆ ಹೋಗುವುದಿಲ್ಲ. ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ, ಒಂದು ಮೂಕಪ್ರಾಣಿ ನರಳಲಿ, ನನ್ನ ಮಗಳಿಗೆ ಒಳ್ಳೆಯದಾಗಲಿ ಎಂದು ನೀವು ಬೇಡುತ್ತೀರಾ? ಇಲ್ಲ. ಅದಕ್ಕೇ ನಿಮಗೆ ಸಮಾಧಾನವಿಲ್ಲ. ಆ ಅಸಮಾಧಾನ ಸರಿಯಾದದ್ದು. ಮಹಾಭಾರತದ ಆದಿಪರ್ವದಲ್ಲಿ ಜನಮೇಜಯನ ಸತ್ರಕ್ಕೆ ಒಂದು ನಾಯಿಮರಿ ಬರುತ್ತದೆ. ಹವಿಸ್ಸನ್ನು ನೆಕ್ಕುವುದಿರಲಿ, ಅದು ನೋಡಿಯೂ ಇರಲಿಲ್ಲ. ರಾಜನ ತಮ್ಮಂದಿರು ಹೊಡೆದು ಅಟ್ಟುತ್ತಾರೆ. ಅದರ ತಾಯಿ ಸರಮೆ ಯಜ್ಞಶಾಲೆಗೇ ಬಂದು, ನನ್ನ ಮಗ ಮಾಡಿದ ತಪ್ಪೇನು ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡಲಿಲ್ಲ. ಕಾಣದ ಭಯವೊಂದು ನಿನಗೆ ಬರಲಿ ಎಂದು ರಾಜನಿಗೆ ಶಾಪ ಕೊಟ್ಟು ಹೋಗುತ್ತಾಳೆ. ಕೊನೆಯಲ್ಲಿ, ಮಹಾಪ್ರಸ್ಥಾನದಲ್ಲಿ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ರಥ ಹತ್ತುವುದಿಲ್ಲ ಎನ್ನುತ್ತಾನೆ ಧರ್ಮರಾಯ. ಇಂದ್ರನೇ ಕರೆದರೂ ಒಪ್ಪಲಿಲ್ಲ. ಇನ್ನು ನಾಯಿಯ ಸಂಕಟವನ್ನು ನಮ್ಮ ಶುಭಕಾರ್ಯದ ಮೆಟ್ಟಿಲು ಮಾಡಿಕೊಳ್ಳುವುದು ಹೇಗೆ?

ಕಡಲೆ ನಾಯಿಗೆ ವಿಷವೇನಲ್ಲ, ಅದನ್ನೂ ಹೇಳಬೇಕು. ಗುರುವಾರ ಮನೆಯಲ್ಲಿ ಉಸಲಿ ಮಾಡುವವರು ರಾತ್ರಿ ನೆನೆಸಿದ ಕಾಳನ್ನು, ಕಡಲೆಯಾಗಲಿ ಕಾಬೂಲ್ ಕಡಲೆಯಾಗಲಿ, ಕುಕ್ಕರಿನಲ್ಲಿ ಬೆರಳಿಗೆ ಹಿಸುಕಿದರೆ ಹಿಟ್ಟಾಗುವಷ್ಟು ಬೇಯಿಸಿ. ಉಪ್ಪು ಹಾಕುವ ಮೊದಲೇ ಒಂದೆರಡು ಚಮಚ ತೆಗೆದಿಡಿ. ಕಿವುಚಿ, ಅನ್ನದಲ್ಲಿ ಕಲಸಿ ಇಡಿ. ಒಗ್ಗರಣೆ, ಮೆಣಸಿನಕಾಯಿ, ಬೆಲ್ಲ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತವನ್ನೇ ಕೆಡಿಸತ್ತೆ, ಹಾಗಾಗಿ ರಾತ್ರಿ ಮಿಕ್ಕ ಚನ್ನಾ ಮಸಾಲೆ ಖಂಡಿತ ಕೂಡದು. ಡಬ್ಬಿಯಲ್ಲಿ ಬರುವ ಕಾಳಿನಲ್ಲಿ ಉಪ್ಪಿರುತ್ತದೆ. ಹುರಿಗಡಲೆಯನ್ನೂ ಒಣದಾಗಿ ಎಸೆಯಬೇಡಿ. ಮೊದಲ ಸಲ ಸ್ವಲ್ಪವೇ ಕೊಟ್ಟು ಮಾರನೇ ದಿನ ನೋಡಿ. ವಾಯು ಆಗುವಂತಿದ್ದರೆ ಅನ್ನವೊಂದೇ ಸಾಕು. ಮರಿಗಳಿಗೆ, ಕಾಯಿಲೆಯ ನಾಯಿಗೆ ವೈದ್ಯರನ್ನು ಕೇಳದೆ ಬೇಡ. ಹಬ್ಬದ ದಿನ ಇನ್ನೊಂದು ತಪ್ಪು ಮಾಡುತ್ತೇವೆ. ಪ್ರಸಾದವಲ್ಲವೇ ಎಂದು ದ್ರಾಕ್ಷಿ ಹಾಕಿದ ಪಾಯಸ, ಕೇಸರಿಬಾತು ನಾಯಿಗೆ ಹಾಕುತ್ತೇವೆ. ಒಣದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡವೇ ಕೆಡಬಹುದು. ಪ್ರಸಾದಬುದ್ಧಿ ನಮಗೆ ಇರತ್ತೆ, ಅದರ ಮೂತ್ರಪಿಂಡಕ್ಕೆ ಇರಲ್ಲ.

ಇನ್ನು ವ್ರತ. ಮೊದಲಿನಿಂದ ಮಾಡಬೇಕಾಗಿಲ್ಲ. ಸಂಕಲ್ಪ ಕಡಲೆಯ ದಾನದ್ದು, ಅದು ನಡೆದಿದೆ. ಉಳಿದ ಐದು ಗುರುವಾರ ಒಂದು ಸೇರು ಕಡಲೆಯನ್ನು ವೇದ ಓದುವ ಮಕ್ಕಳಿರುವ ಕಡೆಗೋ, ನಿಮ್ಮ ಮನೆಗೆಲಸಕ್ಕೆ ಬರುವವರ ಮನೆಗೋ ಕೊಡಿ, ಬೇಯಿಸಿಕೊಂಡು ತಿಂತಾರೆ. ನಾಯಿಗೆ ಕೊಡುವುದನ್ನು ಈ ಲೆಕ್ಕದಿಂದ ಬೇರೆ ಮಾಡಿ. ವಾರ ನೋಡಬೇಡಿ. ಗೇಟಿನ ಆಚೆ, ಓಡಾಡುವವರಿಗೆ ಅಡ್ಡಿಯಾಗದ ಮೂಲೆಯಲ್ಲಿ, ಬರೀ ಮೊಸರನ್ನವನ್ನೋ ಸಪ್ಪೆ ಅನ್ನವನ್ನೋ ಇಟ್ಟು, ಪಕ್ಕದಲ್ಲಿ ನೀರಿಟ್ಟು, ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಕರೆಯಬೇಡಿ, ಕೈ ಚಾಚಬೇಡಿ. ಕೆಲವು ದಿನ ಬರದೇ ಇರಬಹುದು.