ಕಿವಿಗೆ ಕದವಿಕ್ಕುವ ವಿಚಾರ

ಕಣ್ಣಿಗೆ ರೆಪ್ಪೆಯುಂಟು, ನಾಲಗೆಗೆ ತುಟಿಗಳ ತಡೆಯುಂಟು. ಕಿವಿಗೆ ಮಾತ್ರ ಯಾವ ಕದವೂ ಇಲ್ಲ. ನಿದ್ರಾಕಾಲದಲ್ಲಿಯೂ ಅದು ತೆರೆದೇ ಇರುವುದು. ಮಲಗಿದ ತಾಯಿಯು ಕೂಸಿನ ಅಳುವಿಗೆ ಎಚ್ಚರಗೊಳ್ಳುವುದು ಇದರಿಂದಲೇ. ಪ್ರಕೃತಿಯು ಇಕ್ಕದೆ ಬಿಟ್ಟ ಈ ಕದವನ್ನು ಇಂದಿನ ಮನುಷ್ಯನು ಅಂಗಡಿಯಿಂದ ತಂದು ತಾನೇ ಇಕ್ಕಿಕೊಳ್ಳುತ್ತಿರುವನು. ಹೆಡ್‌ಫೋನು ಎಂದು ಎಲ್ಲರೂ ಬಲ್ಲ ಉಪಕರಣದಲ್ಲಿ, ವಿಶೇಷವಾಗಿ ಹಿಂಬದಿ ಮುಚ್ಚಿದ ಬಗೆಯದರಲ್ಲಿ, ಕದದ ಗುಣವು ಎದ್ದು ಕಾಣುವುದು. ಓಡಾಡುವಾಗ ಹಾಡು ಕೇಳುವುದಕ್ಕೆಂದು ಮಿತವಾದ ಹಣದಲ್ಲಿ ಇಂಥದೊಂದನ್ನು ಆರಿಸುವುದು ಹೇಗೆ ಎಂಬುದು ಬರಿಯ ವ್ಯಾಪಾರದ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ಆದರೆ ಕದವಿಕ್ಕಿಕೊಂಡವನು ಯಾರನ್ನು ಹೊರಗಿಡುತ್ತಾನೆ, ಎಷ್ಟು ಹೊತ್ತು ಹೊರಗಿಡುತ್ತಾನೆ ಎಂಬ ಧರ್ಮಪ್ರಶ್ನೆಯೂ ಅದರೊಳಗೆ ಅಡಗಿದೆ. ಎರಡನ್ನೂ ಕೂಡಿಸಿ ನೋಡಿದಲ್ಲದೆ ಆಯ್ಕೆಯು ಸರಿಯಾಗದೆಂಬುದು ನಮ್ಮ ಅಭಿಪ್ರಾಯ.

ಶಬ್ದವು ಆಕಾಶದ ಗುಣವೆಂದೂ, ಕಿವಿಯ ಗೂಡಿನಿಂದ ಪರಿಮಿತವಾದ ಆಕಾಶವೇ ಶ್ರೋತ್ರೇಂದ್ರಿಯವೆಂದೂ ನಮ್ಮ ತಾರ್ಕಿಕರು ಹೇಳಿದರು. ಶಬ್ದವು ಹುಟ್ಟಿದೆಡೆಯಿಂದ ಕಿವಿಗೆ ಬರುವ ಕ್ರಮಕ್ಕೆ ನೀರಿನ ಅಲೆಯನ್ನೂ, ಎಲ್ಲ ದಿಕ್ಕಿಗೂ ಏಕಕಾಲದಲ್ಲಿ ಅರಳುವ ಕದಂಬದ ಹೂವನ್ನೂ ದೃಷ್ಟಾಂತವಾಗಿ ಕೊಟ್ಟರು. ಇಂದಿನ ಭೌತಶಾಸ್ತ್ರವು ಆಕಾಶದ ಸ್ಥಾನದಲ್ಲಿ ಗಾಳಿಯನ್ನಿಟ್ಟಿತು. ಅಲೆಯ ದೃಷ್ಟಾಂತವು ಮಾತ್ರ ಉಳಿದುಕೊಂಡಿತು. ಹೆಡ್‌ಫೋನಿನೊಳಗಿನ ತೆಳುವಾದ ಪೊರೆಯು ಅದುರಿದಾಗ ಅಲೆಗಳು ಕಿವಿಯ ಕಡೆಗೂ ಹೊರಡುವುವು, ಹಿಂದಕ್ಕೂ ಹೊರಡುವುವು. ಹಿಂಬದಿ ತೆರೆದಿದ್ದರೆ ಹಿಂದಣ ಅಲೆಯು ಸಲೀಸಾಗಿ ಹೊರಕ್ಕೆ ಹೋಗುವುದು. ಹಾಡು ವಿಶಾಲವಾದ ಅಂಗಳದಲ್ಲಿ ನಡೆದಂತೆ ಕೇಳಿಸುವುದು. ಆದರೆ ಪಕ್ಕದವನಿಗೂ ಅದು ಮುಟ್ಟುವುದು, ಹೊರಗಿನ ಗದ್ದಲವೂ ಒಳಕ್ಕೆ ನುಗ್ಗುವುದು. ಹಿಂಬದಿ ಮುಚ್ಚಿದ್ದರೆ ನಮ್ಮ ಹಾಡು ಬಹುಮಟ್ಟಿಗೆ ನಮ್ಮಲ್ಲೇ ಉಳಿಯುವುದು. ಊರಿನ ಗದ್ದಲವೂ ಅಷ್ಟಿಷ್ಟು ಹೊರಗೇ ನಿಲ್ಲುವುದು. ಮನೆಯ ಏಕಾಂತಕ್ಕೆ ಮೊದಲನೆಯದು, ಬಸ್ಸಿಗೂ ವಾಚನಾಲಯಕ್ಕೂ ಎರಡನೆಯದು ಉಚಿತವೆಂಬುದು ಇದರಿಂದಲೇ ಸಿದ್ಧವಾಗುವುದು.

ಪರರಿಗೆ ಉಪದ್ರವವಾಗದಿರುವುದು ಈ ಉಪಕರಣದ ಪ್ರಥಮ ಪ್ರಯೋಜನ. ಬಸ್ಸಿನಲ್ಲಿ ಮೊಬೈಲಿನಿಂದ ಗಟ್ಟಿಯಾಗಿ ಹಾಡು ಹಾಕಿಕೊಂಡು ಕುಳಿತವನು ತನ್ನ ರುಚಿಯನ್ನು ನಲವತ್ತು ಮಂದಿಯ ಮೇಲೆ ಹೇರುತ್ತಾನೆ. ಅವರ ಕಿವಿಗೆ ಕದವಿಲ್ಲವಾದ್ದರಿಂದ ಅವರಿಗೆ ತಪ್ಪಿಸಿಕೊಳ್ಳುವ ಉಪಾಯವಿಲ್ಲ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2021ರ ನವೆಂಬರಿನಲ್ಲಿ ಇಂಥ ಗಟ್ಟಿಹಾಡನ್ನು ತನ್ನ ಬಸ್ಸುಗಳಲ್ಲಿ ನಿಷೇಧಿಸಿ ಸುತ್ತೋಲೆ ಹೊರಡಿಸಿತು. ನೆರೆಯವನ ಸಂಕಟವನ್ನು ಕಂಡು ತಾನಾಗಿಯೇ ಬಿಡಬೇಕಾದುದನ್ನು ಸುತ್ತೋಲೆಯಿಂದ ಬಿಡಿಸಬೇಕಾಯಿತಲ್ಲ ಎಂಬುದೇ ಚಿಂತಿಸತಕ್ಕ ವಿಷಯ.

ಎರಡನೆಯ ಪ್ರಯೋಜನವು ಸ್ವಂತ ಕಿವಿಯ ರಕ್ಷಣೆ. ಇಲ್ಲಿ ಒಬ್ಬ ಪೂರ್ವಪಕ್ಷಿಯು, “ಕಿವಿ ನನ್ನದು, ಕೆಟ್ಟರೆ ನನಗೇ ಕೇಡು, ಇದರಲ್ಲಿ ಧರ್ಮವೆಲ್ಲಿಂದ ಬಂತು?” ಎಂದು ಕೇಳಬಹುದು. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಇರುವುವು. ಮನುಷ್ಯರಲ್ಲಿ ಅವು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಕಿವಿ ಮಂದವಾದವನೊಡನೆ ಮುಂದೆ ಕೂಗಿ ಮಾತಾಡಬೇಕಾದವರು ಅವನ ಹೆಂಡತಿ ಮಕ್ಕಳೇ ಅಲ್ಲವೆ? ಆದುದರಿಂದ ಕಿವಿಯು ಅವನೊಬ್ಬನ ಸ್ವತ್ತೆಂಬ ವಾದವು ನಿಲ್ಲದು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಕೂಡಿ 2019ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಶಬ್ದವು 80 ಡೆಸಿಬೆಲ್ ಮೀರಬಾರದು, ಮಕ್ಕಳಿಗೆ 75. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿಯು ಇಮ್ಮಡಿಯಾಗುವುದರಿಂದ ಕಾಲವನ್ನು ಅರ್ಧಕ್ಕಿಳಿಸಬೇಕು: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಐದೇ ಗಂಟೆ. ಬಸ್ಸಿನ ಗದ್ದಲವನ್ನು ಮೀರಿಸಲೆಂದು 89ಕ್ಕೆ ಏರಿಸಿ ಕೇಳುತ್ತಿದ್ದವನು, ಕಿವಿಯನ್ನು ಚೆನ್ನಾಗಿ ಮುಚ್ಚುವ ಉಪಕರಣದಿಂದ ಗದ್ದಲವನ್ನು ತಗ್ಗಿಸಿಕೊಂಡು ಹಾಡನ್ನು 80ಕ್ಕೆ ಇಳಿಸಬಲ್ಲನಾದರೆ, ಐದು ಗಂಟೆಯ ಅವಕಾಶವು ನಲವತ್ತಾಗುವುದು. ಕದವಿಕ್ಕಿಯೂ ಧ್ವನಿಯನ್ನು ಮೊದಲಿನಷ್ಟೇ ಏರಿಸಿಟ್ಟವನಿಗೆ ಈ ಲಾಭವು ಲೇಶವೂ ಇಲ್ಲ.

ಇನ್ನು ಆಯ್ಕೆಯ ಕ್ರಮ. ಪ್ರಯೋಜನವು ನಿಶ್ಚಯವಾದ ಮೇಲೆ ಲಕ್ಷಣಗಳು ತಾವೇ ಗೋಚರಿಸುವುವು. ಮೊದಲನೆಯದಾಗಿ, ಮೆತ್ತೆಯು ಕಿವಿಯ ಸುತ್ತ ಸಂದಿಲ್ಲದೆ ಕೂಡಬೇಕು. ಕನ್ನಡಕದವರು ಕನ್ನಡಕವನ್ನು ತೊಟ್ಟೇ ಪರೀಕ್ಷಿಸತಕ್ಕದ್ದು. ಅದರ ಕಡ್ಡಿಯ ಕೆಳಗೆ ಸಂದಿಯಾದರೆ ಮಂದ್ರದ ನಾದವು ಸೋರಿಹೋಗುವುದು. ಎರಡನೆಯದಾಗಿ, ಹಿಡಿತವು ತಲೆಯಾಡಿಸಿದರೆ ಜಾರದಷ್ಟು ಬಿಗಿಯಾಗಿ, ಕಾಲು ಗಂಟೆಯ ಮೇಲೂ ನೋಯಿಸದಷ್ಟು ಮೃದುವಾಗಿ ಇರಬೇಕು. ಮೂರನೆಯದಾಗಿ, ಫೋನಿನ ಅಲ್ಪಶಕ್ತಿಯಿಂದಲೇ ನಡೆಯಬೇಕು. ಸಾಮಾನ್ಯವಾಗಿ 32 ಓಮ್ ಆಸುಪಾಸಿನವು ಹೀಗೆ ನಡೆಯುವುವು, 250 ಓಮಿನಂಥವು ಬೇರೆ ಆಂಪ್ಲಿಫೈಯರನ್ನು ಬೇಡುವುವು. ನಾಲ್ಕನೆಯದಾಗಿ, ತಂತಿಯದೋ ಬ್ಲೂಟೂತಿನದೋ ಎಂಬುದನ್ನು ಯೋಚಿಸಬೇಕು. ತಂತಿಯದಕ್ಕೆ ಬ್ಯಾಟರಿಯ ಮುಪ್ಪಿಲ್ಲ. ಆದರೆ ಈಚಿನ ಅನೇಕ ಫೋನುಗಳಲ್ಲಿ ಅದಕ್ಕೆ ತೂತೇ ಇಲ್ಲದಿರುವುದರಿಂದ ಮೊದಲೇ ನೋಡಿಕೊಳ್ಳತಕ್ಕದ್ದು. ಐದನೆಯದಾಗಿ, ಮೆತ್ತೆಯನ್ನೂ ತಂತಿಯನ್ನೂ ಬದಲಾಯಿಸುವಂತಿರಬೇಕು. ಮೆತ್ತೆಯ ಕೃತಕ ಚರ್ಮವು ಸಿಪ್ಪೆ ಸುಲಿದು ಹೋದ ದಿನ ಕದವೂ ಹೋದಂತೆಯೇ.

ನಾದದ ಪರೀಕ್ಷೆಗೆ ತಮಗೆ ಬಾಯಿಪಾಠವಿರುವ ಒಂದು ಹಾಡು ಸಾಕು. ತಂಬೂರಿಯ ಶ್ರುತಿಯು ಹಾಡುಗಾರನ ಹಿಂದೆ ಎಳೆಯಾಗಿ ಕೇಳಿಸುತ್ತದೆಯೆ? ಮೃದಂಗದ ಎಡಗಡೆಯ ಗುಂಕಾರವು ಸಾಹಿತ್ಯದ ಅಕ್ಷರಗಳನ್ನು ನುಂಗುತ್ತದೆಯೆ? ಮುಚ್ಚಿದ ಬಗೆಯವು ಅಗ್ಗವಾದಾಗ ಅವುಗಳ ಸಾಮಾನ್ಯ ದೋಷವೆಂದರೆ, ಹಿಂದಣ ಅಲೆಯು ಗೂಡಿನೊಳಗೇ ಹೊಡೆದಾಡಿ, ಹಂಡೆಯೊಳಗಿನಿಂದ ಹಾಡಿದಂತೆ ಕೇಳಿಸುವುದು. ಕಡೆಯದಾಗಿ, ಹಾಡು ನಡೆಯುತ್ತಿರುವಾಗ ಜೊತೆಗೆ ಬಂದವರನ್ನು ಮಗ್ಗುಲಲ್ಲಿ ನಿಲ್ಲಿಸಿ, “ನಿಮಗೆ ಕೇಳುತ್ತಿದೆಯೆ?” ಎಂದು ವಿಚಾರಿಸತಕ್ಕದ್ದು. ಈ ಪರೀಕ್ಷೆಯಲ್ಲಿ ತೀರ್ಪು ಕೊಡತಕ್ಕವನು ಕೊಳ್ಳುವವನಲ್ಲ, ಅವನ ನೆರೆಯವನು.

ಹೆಚ್ಚು ಬೆಲೆಯದೇ ಹೆಚ್ಚು ಉತ್ತಮವಲ್ಲವೆ ಎಂದು ಕೇಳುವವರುಂಟು. ಒಂದು ಮಟ್ಟದವರೆಗೆ ಅದು ನಿಜ. ಮುಚ್ಚಿದ ಗೂಡು ಕೀಚುದನಿಗಳನ್ನು ತಡೆದಷ್ಟು ಇಂಜಿನಿನ ಮಂದ್ರ ಗುಡುಗನ್ನು ತಡೆಯಲಾರದು. ಎದುರಲೆ ಎಬ್ಬಿಸಿ ಗದ್ದಲವನ್ನು ಅಳಿಸುವ ಯಂತ್ರಗಳು ಅದನ್ನು ಮಾಡಬಲ್ಲುವು, ಅದಕ್ಕೆ ತಕ್ಕ ಬೆಲೆಯನ್ನೂ ಕೇಳುವುವು. ಆದರೆ ರಸ್ತೆಯ ಸದ್ದಿನ ನಡುವೆ ಕೇಳುವವನಿಗೆ ಅತಿಸೂಕ್ಷ್ಮ ಭೇದಗಳು ಕೇಳಿಸುವುದೇ ಇಲ್ಲ. ಕೇಳಿಸದ ಗುಣಕ್ಕೆ ಹಣ ಕೊಡುವುದು ರಸಿಕತೆಯಲ್ಲ. ಕೆಲಸಕ್ಕೆ ಬಾರದ ಅಗ್ಗವನ್ನು ವರ್ಷಕ್ಕೊಂದರಂತೆ ಕೊಂಡು ಎಸೆಯುವುದು ಮಿತವ್ಯಯವೂ ಅಲ್ಲ. ಪ್ರಯೋಜನವನ್ನು ಮುಟ್ಟಿ ನಿಂತ ಬೆಲೆಯೇ ಯುಕ್ತವಾದ ಬೆಲೆ.

ಇನ್ನುಳಿದುದು ಮುಖ್ಯವಾದ ಆಕ್ಷೇಪ: ಹೀಗೆ ಕಿವಿ ಮುಚ್ಚಿ ಕುಳಿತರೆ ಮನುಷ್ಯರ ನಡುವೆ ಇದ್ದೂ ಇಲ್ಲದಂತಾಗುವುದಿಲ್ಲವೆ? ಈ ಶಂಕೆಯು ಹಳಬರ ಗೊಣಗಾಟವೆಂದು ತಳ್ಳಿಹಾಕತಕ್ಕದ್ದಲ್ಲ. ಜಪಾನಿನ ಸೋನಿ ಸಂಸ್ಥೆಯು 1979ರ ಜುಲೈ 1ರಂದು ವಾಕ್‌ಮನ್ ಎಂಬ ಕಿರುಯಂತ್ರವನ್ನು ಮಾರಾಟಕ್ಕಿಟ್ಟಾಗ, ಅದರ ಮುಖ್ಯಸ್ಥ ಅಕಿಯೊ ಮೊರಿಟಾ ಅವರಿಗೇ ಈ ಶಂಕೆ ಇತ್ತು. ಒಬ್ಬನೇ ಕೇಳುತ್ತ ಕುಳಿತುಕೊಳ್ಳುವುದು ಅಸಭ್ಯವೆನಿಸೀತೆಂದು ಅವರು ಮೊದಲ ಯಂತ್ರದಲ್ಲಿ ಇಬ್ಬರಿಗೆ ಎರಡು ತೂತುಗಳನ್ನಿಡಿಸಿದರು. ಒತ್ತಿದರೆ ಹಾಡು ತಗ್ಗಿ, ಪುಟ್ಟ ಮೈಕಿನ ಮೂಲಕ ಜೊತೆಯವನ ಮಾತು ಕೇಳುವಂತೆ ಕಿತ್ತಳೆ ಬಣ್ಣದ ಗುಂಡಿಯೊಂದನ್ನೂ ಇಡಿಸಿದರು. ಕೊಂಡವರು ಅದನ್ನು ಬಯಸಲಿಲ್ಲ. ತಮ್ಮ ತಮ್ಮ ಯಂತ್ರವನ್ನು ತಾವು ತಾವೇ ಕೇಳಿದರು. ಮುಂದಿನ ಮಾದರಿಗಳಲ್ಲಿ ಆ ಗುಂಡಿಯು ಮರೆಯಾಯಿತು. ಹೊರಗಿನ ಸದ್ದನ್ನು ಬೇಕೆಂದಾಗ ಒಳಬಿಡುವ ಏರ್ಪಾಡನ್ನು ಇಂದಿನ ದುಬಾರಿ ಯಂತ್ರಗಳು ಮತ್ತೆ ಕೊಡುತ್ತಿರುವುವು. ಮಿತಬೆಲೆಯ ಸಾಧಾರಣ ಉಪಕರಣದಲ್ಲಿ ಅದು ಇರುವುದಿಲ್ಲ.

ಆದುದರಿಂದ ಗುಂಡಿಯು ಮಾಡುತ್ತಿದ್ದ ಕೆಲಸವನ್ನು ಕೈಯೇ ಮಾಡಬೇಕು. ಏಕಾಂತವನ್ನು ಬಯಸುವುದು ದೋಷವಲ್ಲ. ಆರು ಜನರು ಒಂದೇ ಕೋಣೆಯಲ್ಲಿರುವ ಮನೆಯಲ್ಲಿ ಓದುವ ಹುಡುಗಿಗೆ, ಹಗಲೆಲ್ಲ ಯಂತ್ರದ ಸದ್ದಿನಲ್ಲಿ ದುಡಿದು ಬಸ್ಸು ಹತ್ತಿದ ಕೂಲಿಕಾರನಿಗೆ, ಬೇರೆ ಕೋಣೆಯೆಲ್ಲಿಂದ ಬರಬೇಕು? ಅವರಿಗೆ ಈ ಎರಡು ಗೂಡುಗಳೇ ಕೋಣೆ. ಅದನ್ನು ನಿರಾಕರಿಸುವ ಅಧಿಕಾರವು, ಸ್ವಂತ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬರೆಯುವ ನಮ್ಮಂಥವರಿಗೆ ಇಲ್ಲ. ಆದರೆ ಬಚ್ಚಲಲ್ಲಿ ಜಾರಿಬಿದ್ದ ಅಜ್ಜಿಯು ಮೂರು ಸಲ ಕೂಗಿದರೂ ಪಕ್ಕದ ಕೋಣೆಯ ಮೊಮ್ಮಗನಿಗೆ ಕೇಳಿಸದೆ ಹೋದರೆ, ಆ ಕದವು ಒಂದು ಮನೆಯನ್ನೇ ಎರಡಾಗಿ ಸೀಳಿತೆನ್ನಬೇಕು. ಪ್ರಕೃತಿಯು ಕಿವಿಯನ್ನು ತೆರೆದಿಟ್ಟಾಗ, ಕರೆದವರಿಗೆ ಓಗೊಡುವ ಭಾರವನ್ನು ತಾನೇ ಹೊತ್ತಿತ್ತು. ಕದವಿಕ್ಕಿಕೊಂಡವನು ಆ ಭಾರವನ್ನು ತನ್ನ ಮೇಲೆ ಎಳೆದುಕೊಂಡಂತಾಯಿತು. ರಸ್ತೆ ದಾಟುವಾಗ ಅದನ್ನು ಕೊರಳಿಗಿಳಿಸುವುದು, ಮನೆಯಲ್ಲಿ ಮುದುಕರೂ ಮಕ್ಕಳೂ ತನ್ನೊಬ್ಬನ ವಶದಲ್ಲಿರುವಾಗ ಒಂದು ಕಿವಿಯನ್ನಾದರೂ ತೆರೆದಿಡುವುದು, ಯಾರಾದರೂ ಎದುರಿಗೆ ಬಂದು ಮಾತಾಡಿದರೆ ಹಾಡನ್ನು ನಿಲ್ಲಿಸಿ ಮುಖವೆತ್ತಿ ಕೇಳುವುದು, ಇಷ್ಟೂ ಕೊಂಡವನ ಕರ್ತವ್ಯಗಳು. ಒಂದೆರಡು ಸಾವಿರ ರೂಪಾಯಿಗೆ ಒಳ್ಳೆಯ ಕದವು ದೊರೆಯುವುದು. ಅದನ್ನು ತೆರೆಯತಕ್ಕ ಹೊತ್ತನ್ನು ಮಾತ್ರ ಕೊಂಡವನೇ ತಿಳಿದಿರಬೇಕು.