ಮನೆ ಮುಂದಿನ ಕಾರು: ಅನುಗ್ರಹವೋ, ಪರೀಕ್ಷೆಯೋ?



ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ ಆರಂಭದಲ್ಲಿ ಅಲ್ಲಾಹನು ಮಾನವನಿಗೆ ದಯಪಾಲಿಸಿದ ಅನುಗ್ರಹಗಳನ್ನು ಒಂದೊಂದಾಗಿ ನೆನಪಿಸುತ್ತಾನೆ. ಅಲ್ಲಿ ಕುದುರೆ, ಹೇಸರಗತ್ತೆ ಮತ್ತು ಕತ್ತೆಗಳ ಪ್ರಸ್ತಾಪ ಬರುತ್ತದೆ. ಅವುಗಳನ್ನು ಯಾಕೆ ಸೃಷ್ಟಿಸಲಾಯಿತು ಎಂಬುದಕ್ಕೆ ಎರಡು ಕಾರಣಗಳನ್ನು ಹೇಳಲಾಗಿದೆ. ಒಂದು ಸವಾರಿ, ಇನ್ನೊಂದು ಅಲಂಕಾರ. ಮಾನವನಿಗೆ ಇನ್ನೂ ಗೊತ್ತಿಲ್ಲದ ವಸ್ತುಗಳನ್ನೂ ಅಲ್ಲಾಹನು ಸೃಷ್ಟಿಸುತ್ತಾನೆ ಎಂದು ಆ ವಚನ ಮುಗಿಯುತ್ತದೆ. ನಮ್ಮ ಕಾಲದ ಅನೇಕ ವ್ಯಾಖ್ಯಾನಕಾರರು ರೈಲು, ಮೋಟಾರು, ವಿಮಾನಗಳನ್ನು ಈ ಮಾತಿನ ವ್ಯಾಪ್ತಿಯಲ್ಲಿ ಸೇರಿಸಿದ್ದಾರೆ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿರಿ. ಸವಾರಿಯ ಉಪಯೋಗವನ್ನು ಮಾತ್ರ ಹೇಳಿದ್ದರೆ ಸಾಕಾಗಿತ್ತಲ್ಲವೇ? ಅಲಂಕಾರದ ಮಾತು ಏಕೆ ಬಂತು? ಎತ್ತಿನ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟುವ ಮೂಡಲಗಿಯ ರೈತನನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಬಣ್ಣ ಬಳಿದ ಮಾತ್ರಕ್ಕೆ ಎತ್ತು ಹೆಚ್ಚು ಭಾರ ಎಳೆಯುವುದಿಲ್ಲ. ಆದರೂ ಅದನ್ನು ನೋಡಿ ಅವನ ಮನಸ್ಸು ಅರಳುತ್ತದೆ. ಈ ಸಂತೋಷವನ್ನು ಸೃಷ್ಟಿಕರ್ತನೇ ಮಾನವನ ಸ್ವಭಾವದಲ್ಲಿ ಇಟ್ಟಿದ್ದಾನೆ. ಆದ್ದರಿಂದ ಇಪ್ಪತ್ತೆರಡು ವರ್ಷದ ಯುವಕನೊಬ್ಬ ಅಂದವಾದ ಒಂದು ಸಣ್ಣ ಕಾರನ್ನು ಕಂಡು ಆಸೆಪಟ್ಟರೆ, ಅವನ ಈಮಾನ್ ಸಡಿಲವಾಯಿತೆಂದು ಕೂಡಲೇ ತೀರ್ಪು ನೀಡುವ ಅಧಿಕಾರ ನಮಗಿಲ್ಲ.

ಇಂದು ಗೋಕಾಕ, ಮೂಡಲಗಿ, ಹುಕ್ಕೇರಿಯ ನಮ್ಮ ಮೊಹಲ್ಲಾಗಳಲ್ಲಿ ಈ ಪ್ರಶ್ನೆ ಮನೆಮನೆಯಲ್ಲಿದೆ. ಒಂದು ಕಾಲದಲ್ಲಿ ಕಾರು ಎಂದರೆ ಮಾಲಕರು, ಡಾಕ್ಟರರು, ಗುತ್ತಿಗೆದಾರರು ಮಾತ್ರ ಹೊಂದುವ ವಸ್ತುವಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ನೌಕರದಾರರ ಮನೆಗೂ ಕಾರು ಬರತೊಡಗಿತು. 2014ರಲ್ಲಿ ಅದರ ತಯಾರಿಕೆ ನಿಲ್ಲುವ ಹೊತ್ತಿಗೆ ಪರಿಸ್ಥಿತಿ ಪೂರ್ಣ ಬದಲಾಗಿತ್ತು. 2015ರಲ್ಲಿ ರೆನೋ ಕಂಪೆನಿಯ ಕ್ವಿಡ್ ಎಂಬ ಸಣ್ಣ ಕಾರು ಬಂದಾಗ ಅದರ ಆರಂಭದ ಬೆಲೆ ದಿಲ್ಲಿಯಲ್ಲಿ ಎರಡೂವರೆ ಲಕ್ಷ ರೂಪಾಯಿಗಿಂತ ಸ್ವಲ್ಪವೇ ಹೆಚ್ಚಾಗಿತ್ತು. ಎತ್ತರದ ನಿಲುವು, ಜೀಪಿನಂತಹ ಮುಖ, ಮಧ್ಯದಲ್ಲಿ ಪರದೆ. ಎಲ್ಲವೂ ಯುವಕರ ಕಣ್ಣಿಗೆಂದೇ ರೂಪಿಸಿದ್ದು. ಈಗ ಕಂಪೆನಿಗಳು ಕಾರಿನ ಜೊತೆಗೆ ಒಂದು ಬಿಂಬವನ್ನೂ ಮಾರುತ್ತಿವೆ. ಕಾರನ್ನು ನಾವು ಕೊಳ್ಳುತ್ತೇವೆ, ಬಿಂಬವು ನಮ್ಮನ್ನು ಕೊಳ್ಳುತ್ತದೆ.

ಇದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ಘಟನೆ ಸಾಕ್ಷಿ. ನಾಲ್ಕು ಜನರ ಕುಟುಂಬವೊಂದು ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಹೋಗುವ ದೃಶ್ಯದಿಂದ ತನಗೆ ಪ್ರೇರಣೆ ದೊರೆಯಿತೆಂದು ರತನ್ ಟಾಟಾ ಹೇಳುತ್ತಿದ್ದರು. ಹಾಗೆ ಹುಟ್ಟಿದ ನ್ಯಾನೋ ಕಾರನ್ನು 2008ರ ಜನವರಿಯಲ್ಲಿ ದಿಲ್ಲಿಯಲ್ಲಿ ಪ್ರದರ್ಶಿಸಲಾಯಿತು. ಒಂದು ಲಕ್ಷ ರೂಪಾಯಿಯ ಕಾರು ಎಂದು ಜಗತ್ತೇ ಬೆರಗಾಯಿತು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಜಮೀನಿನ ಹೋರಾಟ ನಡೆದು ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು. 2009ರಲ್ಲಿ ಕಾರು ಜನರ ಕೈ ಸೇರಿತು. ಆದರೆ ನಿರೀಕ್ಷಿಸಿದಷ್ಟು ಜನ ಅದನ್ನು ಕೊಳ್ಳಲಿಲ್ಲ. ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿಯೂ ಒಂದು ಕಾರಣವಿರಬಹುದು. ಆದರೆ ಅತ್ಯಂತ ಅಗ್ಗದ ಕಾರು ಎಂಬ ಹಣೆಪಟ್ಟಿಯೇ ಅದಕ್ಕೆ ಮುಳುವಾಯಿತೆಂದು ಸ್ವತಃ ರತನ್ ಟಾಟಾ ನಂತರ ಒಪ್ಪಿಕೊಂಡರು. ರೂಪ, ಸೌಕರ್ಯ ಬದಲಿಸಿ ಯುವಕರ ಕಾರೆಂಬಂತೆ ಮತ್ತೆ ತಂದರೂ ಪ್ರಯೋಜನವಾಗಲಿಲ್ಲ. 2018ರ ವೇಳೆಗೆ ಅದರ ತಯಾರಿಕೆ ಬಹುತೇಕ ನಿಂತುಹೋಯಿತು.

ಮಳೆಯಿಂದ ಮಕ್ಕಳನ್ನು ಕಾಯುವ ಕೆಲಸವನ್ನು ಆ ಕಾರು ಮಾಡುತ್ತಿತ್ತು. ಆದರೂ ಅನೇಕರು ಅದನ್ನು ಬೇಡವೆಂದರು. ಏಕೆ? ಅದರಿಂದ ಇಳಿಯುವಾಗ ನೋಡುವವರು ಏನೆಂದಾರು ಎಂಬ ಅಂಜಿಕೆ. ಅಂದರೆ ನಾವು ಕಾರಿಗೆಂದು ಕೊಡುವ ಹಣದಲ್ಲಿ ಒಂದು ಭಾಗ ಲೋಹಕ್ಕೆ, ಯಂತ್ರಕ್ಕೆ ಹೋಗುತ್ತದೆ. ಇನ್ನೊಂದು ಭಾಗ ನೆರೆಯವರ ಕಣ್ಣಿಗೆ ಹೋಗುತ್ತದೆ. ಈ ಎರಡನೆಯ ಭಾಗದ ಲೆಕ್ಕವನ್ನೇ ನಾವು ಪರಲೋಕದಲ್ಲಿ ಕೊಡಲು ಹೆಚ್ಚು ಕಷ್ಟಪಡಬೇಕಾದೀತು.

ಹಾಗಾದರೆ ಚೆಲುವನ್ನು ಬಯಸುವುದಕ್ಕೂ ಹಿರಿಮೆಯನ್ನು ಮೆರೆಯುವುದಕ್ಕೂ ಇರುವ ವ್ಯತ್ಯಾಸವೇನು? ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಣ್ಣದ ಕಾರು. ಪ್ರವಾದಿವರ್ಯರ(ಸ) ಮುಂದೆ ಇದೇ ಸಂದೇಹ ಬಂದಿತ್ತು. ಎದೆಯಲ್ಲಿ ಅಣುವಿನಷ್ಟು ಅಹಂಕಾರ ಇರುವವನಿಗೆ ಸ್ವರ್ಗ ಪ್ರವೇಶವಿಲ್ಲ ಎಂದು ಅವರು ಎಚ್ಚರಿಸಿದಾಗ, ತನ್ನ ಬಟ್ಟೆ, ಪಾದರಕ್ಷೆ ಚೆನ್ನಾಗಿರಬೇಕೆಂದು ಬಯಸುವವನ ಪಾಡೇನು ಎಂದು ಒಬ್ಬರು ಕೇಳಿದರು. ಅಲ್ಲಾಹನು ಸುಂದರನು ಮತ್ತು ಸೌಂದರ್ಯವನ್ನು ಮೆಚ್ಚುತ್ತಾನೆಂದೂ, ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದೂ ಅವರು ತಿಳಿಸಿದರು. ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅಹಂಕಾರ ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲೆ ಕುಳಿತು ನಾವು ಇತರರನ್ನು ನೋಡುವ ನೋಟದಲ್ಲಿದೆ.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದ ಇನ್ನೊಂದು ಹದೀಸ್ ಇದೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ವರದಿಯಾಗಿದೆ. ಕುದುರೆ ಮೂರು ಬಗೆಯದೆಂದು ಪ್ರವಾದಿವರ್ಯರು(ಸ) ವಿವರಿಸಿದರು. ಅಲ್ಲಾಹನ ಮಾರ್ಗದಲ್ಲಿ ಸಾಕಿದವನಿಗೆ ಅದು ಪುಣ್ಯ. ಇತರರ ಮುಂದೆ ಕೈಚಾಚದೆ ಬದುಕಬೇಕೆಂದು ಸಾಕಿ, ಅದರಲ್ಲಿರುವ ಅಲ್ಲಾಹನ ಹಕ್ಕನ್ನು ಮರೆಯದವನಿಗೆ ಅದು ಮರೆ, ಮಾನ ಕಾಪಾಡುವ ತೆರೆ. ಡಂಭಕ್ಕಾಗಿ, ತೋರಿಕೆಗಾಗಿ, ಹಗೆತನಕ್ಕಾಗಿ ಸಾಕಿದವನಿಗೆ ಅದು ಪಾಪದ ಹೊರೆ. ಕುದುರೆ ಒಂದೇ, ಹುಲ್ಲು ಒಂದೇ, ಲಗಾಮು ಒಂದೇ. ಬದಲಾದದ್ದು ಸಂಕಲ್ಪ ಮಾತ್ರ. ಬಳಿಕ ಕತ್ತೆಗಳ ವಿಷಯವೇನೆಂದು ಕೇಳಿದಾಗ, ಅದರ ಬಗ್ಗೆ ಪ್ರತ್ಯೇಕವಾಗಿ ಏನೂ ಅವತೀರ್ಣವಾಗಿಲ್ಲವೆಂದು ಹೇಳಿ, ಅಣುವಿನಷ್ಟು ಒಳಿತಿಗೂ ಕೆಡುಕಿಗೂ ಪ್ರತಿಫಲವಿದೆಯೆಂಬ ಅಝ್ಝಿಲ್‌ಝಾಲ್ ಅಧ್ಯಾಯದ ತತ್ವವನ್ನು ಅವರು ನೆನಪಿಸಿದರು. ಆ ತತ್ವ ಕತ್ತೆಗೆ ಅನ್ವಯಿಸುವುದಾದರೆ ಕಾರಿಗೇಕೆ ಅನ್ವಯಿಸದು?

ಈಗ ಮೂರನ್ನೂ ನಮ್ಮ ಊರಿನಲ್ಲಿ ಹುಡುಕೋಣ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಗೆ ನೀರು ನುಗ್ಗಿತು. ಅಂತಹ ದಿನಗಳಲ್ಲಿ ವಾಹನದ ಬೆಲೆ ಅದರ ಬಣ್ಣದಿಂದಲ್ಲ, ಅದರಲ್ಲಿ ಯಾರನ್ನು ಕೂರಿಸಿಕೊಂಡೆವು ಎಂಬುದರಿಂದ ನಿರ್ಧಾರವಾಗುತ್ತದೆ. ಹೆಚ್ಚುವರಿ ಸವಾರಿ ಇರುವವನು ಸವಾರಿ ಇಲ್ಲದವನಿಗೆ ಅದನ್ನು ನೀಡಲಿ ಎಂಬುದು ಪ್ರವಾದಿವರ್ಯರ(ಸ) ಉಪದೇಶ. ಪಕ್ಕದ ಮನೆಯ ಹೆಣ್ಣುಮಗಳಿಗೆ ನಡುರಾತ್ರಿ ಹೆರಿಗೆನೋವು ಬಂದಾಗ ಬೆಳಗಾವಿಗೆ ಓಡುವ ಕಾರು, ಅವಳು ಯಾವ ಜಾತಿ, ಯಾವ ಧರ್ಮದವಳಾದರೂ ಸರಿ, ಮೊದಲನೆಯ ಬಗೆಯ ಕುದುರೆ. ತಂದೆತಾಯಿಯನ್ನು ದವಾಖಾನೆಗೆ ಕರೆದೊಯ್ಯುವ, ಟಂಟಂನಲ್ಲಿ ನೇತಾಡುತ್ತಿದ್ದ ಮಕ್ಕಳನ್ನು ಸುರಕ್ಷಿತವಾಗಿ ಶಾಲೆಗೆ ಮುಟ್ಟಿಸುವ, ಸಂಕೇಶ್ವರದ ಪೇಟೆಗೆ ಸಾಮಾನು ಸಾಗಿಸುವ ಕಾರು ಎರಡನೆಯ ಬಗೆಯದು. ಅನುಕೂಲವಾದ ಸವಾರಿಯನ್ನು ಮನುಷ್ಯನ ಸೌಭಾಗ್ಯಗಳಲ್ಲಿ ಒಂದಾಗಿ ಎಣಿಸಿದ ಹದೀಸೂ ಇದೆ. ಇನ್ನು ಜುಮಾ ನಮಾಝ್ ಮುಗಿಸಿ ಬರುವವರ ನಡುವೆ ಹಾರ್ನ್ ಬಾರಿಸುತ್ತಾ, ಎದೆ ನಡುಗುವಂತೆ ಸಂಗೀತ ಹಚ್ಚಿ, ಒಂದೇ ಓಣಿಯಲ್ಲಿ ಮೂರು ಸುತ್ತು ಹೊಡೆಯುವ ಕಾರು ಯಾವ ಬಗೆಯದೆಂದು ನಾನು ಹೇಳಬೇಕಾಗಿಲ್ಲ.

ಹಿರಿಯರೇ, ಇದನ್ನು ಓದಿ ಮಕ್ಕಳ ಕಡೆಗೆ ಬೆರಳು ತೋರಿಸುವ ಮುನ್ನ ಒಂದು ಮಾತು ಕೇಳಿರಿ. ಸರಳತೆಯ ವೇಷದಲ್ಲೂ ಅಹಂಕಾರ ಅಡಗಿರುತ್ತದೆ. ಮೂರು ಅಂತಸ್ತಿನ ಮನೆ ಕಟ್ಟಿಸಿ, ಮದುವೆಗೆ ಸಾವಿರ ಜನರಿಗೆ ದಾವತ್ ಹಾಕಿದವರು, ಗ್ಯಾರೇಜಿನಲ್ಲಿ ದುಡಿಯುವ ಹುಡುಗ ಹಳೆಯ ಕಾರೊಂದನ್ನು ಕೊಂಡಾಗ ಇವನಿಗೇಕೆ ಇದೆಲ್ಲ ಎಂದು ನಕ್ಕರೆ, ಆ ನಗುವೂ ಜನರನ್ನು ಕೀಳಾಗಿ ಕಾಣುವುದೇ. ಬಡವನ ಆಸೆಯನ್ನು ಹಂಗಿಸುವುದು ತಕ್ವಾ ಅಲ್ಲ.

ಕಾರೂನನ ಕಥೆ ನಿಮಗೆ ಗೊತ್ತಿದೆ. ಅವನು ತನ್ನೆಲ್ಲ ಆಡಂಬರದೊಂದಿಗೆ ಜನರ ಮುಂದೆ ಹೊರಟಾಗ, ಇಹಲೋಕವನ್ನು ಬಯಸುವವರು ತಮಗೂ ಅಂಥದ್ದೇ ಇದ್ದಿದ್ದರೆ ಎಂದು ಹಂಬಲಿಸಿದರು. ಅವನು ನೆಲದೊಳಗೆ ಹುದುಗಿಹೋದ ಮೇಲೆ ಅವರೇ ತಮ್ಮ ಹಂಬಲಕ್ಕೆ ಮರುಗಿದರು. ಅಲ್ ಕಸಸ್ ಅಧ್ಯಾಯ ನಮಗೆ ಕಾರೂನನನ್ನು ಮಾತ್ರವಲ್ಲ, ಅವನನ್ನು ನೋಡುತ್ತಾ ನಿಂತವರನ್ನೂ ತೋರಿಸುತ್ತದೆ. ಮೆರೆಯುವವನಿಗೆ ಮೆರೆಯಲು ನೋಡುವವರು ಬೇಕು. ಕಾರು ನೋಡಿ ಸಲಾಮಿನ ಧ್ವನಿ ಬದಲಿಸುವ ನಾವು ಸಹ ಆ ಪಾಪದಲ್ಲಿ ಪಾಲುದಾರರು.

ಇನ್ನು ಹಣದ ಮಾತು. ಇಂದು ಶೋರೂಮಿಗೆ ಹೋದವನು ಕಾರಿನ ಬೆಲೆ ಕೇಳುವುದಿಲ್ಲ, ತಿಂಗಳ ಕಂತು ಎಷ್ಟೆಂದು ಕೇಳುತ್ತಾನೆ. ಐದು ಲಕ್ಷ ಸಾಲವನ್ನು ಶೇಕಡಾ 10ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ತಿಂಗಳಿಗೆ ಸುಮಾರು 10,600 ರೂಪಾಯಿ ಕಟ್ಟಬೇಕು. ಕೊನೆಗೆ ಕೊಟ್ಟದ್ದು ಸುಮಾರು 6,37,000 ರೂಪಾಯಿ. ಅಂದರೆ 1,37,000 ರೂಪಾಯಿ ಬಡ್ಡಿಗೇ ಹೋಯಿತು. ಅಲ್ ಬಕರಃ ಅಧ್ಯಾಯದಲ್ಲಿ ಬಡ್ಡಿಯ ವಿರುದ್ಧ ಅಲ್ಲಾಹ್ ಮತ್ತು ಅವನ ರಸೂಲರ ಯುದ್ಧ ಘೋಷಣೆಯಾಗಿದೆ. ಬೇರೆ ದಾರಿಯೇ ಇಲ್ಲದ ಅನಿವಾರ್ಯತೆಯ ಬಗ್ಗೆ ಉಲಮಾಗಳಲ್ಲಿ ಕೇಳಿರಿ. ಆದರೆ ಗೆಳೆಯನ ಬಳಿ ಇದೆ, ನನ್ನ ಬಳಿ ಇಲ್ಲ ಎಂಬುದು ಯಾವ ಗ್ರಂಥದಲ್ಲೂ ಅನಿವಾರ್ಯತೆ ಎನಿಸಿಕೊಂಡಿಲ್ಲ.

ದಾರಿಗಳು ಪೂರ್ತಿ ಮುಚ್ಚಿಲ್ಲ. ನಮ್ಮ ಕಡೆಯ ಹೆಂಗಸರು ಹರಾಜಿಲ್ಲದ, ಬಡ್ಡಿಯಿಲ್ಲದ ಭಿಶಿ ಹಾಕಿ ಹೊಲಿಗೆಯಂತ್ರ, ಫ್ರಿಜ್ಜು ಕೊಂಡಿದ್ದಾರೆ. ಹತ್ತು ಜನ ಪ್ರಾಮಾಣಿಕರು ಸೇರಿದರೆ ಅದೇ ರೀತಿ ಹಳೆಯ ಕಾರೊಂದರ ಹಣ ಕೂಡುತ್ತದೆ. ಅಣ್ಣತಮ್ಮಂದಿರು ಕೂಡಿ ಒಂದೇ ಕಾರು ಇಟ್ಟುಕೊಳ್ಳಬಹುದು. ಮಾರುವವನೇ ಮೊದಲೇ ಒಂದು ಬೆಲೆ ನಿಶ್ಚಯಿಸಿ, ತಡವಾದರೂ ಹೆಚ್ಚಿಸದೆ ಕಂತಿನಲ್ಲಿ ಪಡೆಯುವುದಾದರೆ ಬಹುತೇಕ ಫಿಕ್‌ಹ್ ಪಂಡಿತರು ಅದಕ್ಕೆ ಅನುಮತಿ ನೀಡಿದ್ದಾರೆ. ಎರಡು ವರ್ಷ ಕಾಯಬೇಕಾದರೆ ಕಾಯಿರಿ. ಸಬ್ರ್ ಎಂಬುದು ಸಂಕಟಕ್ಕೆ ಮಾತ್ರ ಹೇಳಿದ ಗುಣವಲ್ಲ, ಆಸೆಗೂ ಅದು ಬೇಕು.

ಎಲ್ಲಕ್ಕಿಂತ ಕೆಟ್ಟ ದಾರಿ ಇನ್ನೊಂದಿದೆ. ವರನ ಕಡೆಯವರು ಬಾಯಿಬಿಟ್ಟು ಕೇಳುವುದಿಲ್ಲ. 'ಹುಡುಗನಿಗೆ ಒಂದು ಗಾಡಿ ಇದ್ದರೆ ಚೆಂದ, ನಿಮ್ಮ ಮಗಳಿಗೇ ಅನುಕೂಲ' ಎಂದು ಮೆಲ್ಲಗೆ ಹೇಳಿ ಸುಮ್ಮನಾಗುತ್ತಾರೆ. ಹೆಣ್ಣಿನ ತಂದೆ ಹೊಲ ಒತ್ತೆಯಿಡುತ್ತಾನೆ. ಅನ್ನಿಸಾ ಅಧ್ಯಾಯ ಮಹ್ರ್ ಕೊಡಬೇಕೆಂದು ಗಂಡಿಗೆ ಆಜ್ಞಾಪಿಸಿದೆ. ಕೊಡಬೇಕಾದವನು ಕೇಳುವವನಾದರೆ, ಆ ಕಾರಿನಲ್ಲಿ ವಧುವನ್ನು ಕೂರಿಸಿಕೊಂಡು ಬರುವಾಗ ಹಿಂದಿನ ಆಸನದಲ್ಲಿ ಅವಳ ತಂದೆಯ ಕಣ್ಣೀರೂ ಕುಳಿತಿರುತ್ತದೆ. ಇಂತಹ ಕಾರು ಎಷ್ಟೇ ಸಣ್ಣದಾಗಿರಲಿ, ಅದರ ಹೊರೆ ದೊಡ್ಡದು. ಯುವಕರೇ, ನಿಕಾಹ್‌ನ ಮಾತುಕತೆಯಲ್ಲಿ ಈ ಮಾತು ಬಂದಾಗ ನೀವೇ ಎದ್ದು ಬೇಡವೆನ್ನಿರಿ. ಅಂದು ನೀವು ನಡೆದು ಹೋದರೂ ನಿಮ್ಮ ಮಾನ ಸವಾರಿ ಮಾಡುತ್ತದೆ.

ಕಾರು ಕೈಗೆ ಬಂದ ಮೇಲೆ ಅದೊಂದು ಅಮಾನತ್. ರಸ್ತೆಗೂ ಹಕ್ಕಿದೆಯೆಂದು, ಯಾರಿಗೂ ತೊಂದರೆ ಕೊಡದಿರುವುದು ಆ ಹಕ್ಕಿನಲ್ಲಿ ಸೇರಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳ ತುಂಬ ಹಿಂದೆ ದೀಪವಿಲ್ಲದ ಟ್ರೇಲರುಗಳಿರುತ್ತವೆ. ಅಲ್ಲಿ ವೇಗ ತೋರಿಸುವುದು ಧೈರ್ಯವಲ್ಲ, ತನ್ನ ಜೀವವನ್ನೂ ಪರರ ಜೀವವನ್ನೂ ಅಗ್ಗ ಮಾಡುವುದು. ಹದಿನೆಂಟು ತುಂಬದ ಮಗನಿಗೆ ಚಾವಿ ಕೊಡುವ ತಂದೆ ತನ್ನ ಪ್ರೀತಿಯನ್ನು ತೋರಿಸುತ್ತಿದ್ದೇನೆ ಎಂದುಕೊಂಡಿರಬಹುದು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ ಪ್ರಕಾರ ಅಂತಹ ಪಾಲಕನಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಆಗಬಹುದು. ಒಂದು ಜೀವ ಹೋದರೆ ಅದರ ಲೆಕ್ಕ ಯಾವ ಕಾಯಿದೆಯ ಪುಟದಲ್ಲೂ ಹಿಡಿಸದು.

ಪ್ರವಾದಿವರ್ಯರಿಗೆ(ಸ) ಅಲ್‌ಅದ್‌ಬಾ ಎಂಬ ಒಂಟೆಯಿತ್ತು. ಯಾರೂ ಅದನ್ನು ಓಟದಲ್ಲಿ ಮೀರಿಸಿರಲಿಲ್ಲ. ಒಂದು ದಿನ ಮರುಭೂಮಿಯ ಅರಬನೊಬ್ಬನ ಒಂಟೆ ಅದನ್ನು ಹಿಂದೆ ಹಾಕಿತು. ಸಹಾಬಿಗಳಿಗೆ ಬೇಸರವಾಯಿತು. ಲೋಕದಲ್ಲಿ ಮೇಲೇರಿದ ಯಾವುದನ್ನೂ ಅಲ್ಲಾಹನು ಕೆಳಗಿಳಿಸದೆ ಬಿಡುವುದಿಲ್ಲ ಎಂಬ ಆಶಯದ ಮಾತನ್ನು ಅವರು ಹೇಳಿದರು. ಅದೇ ಪ್ರವಾದಿವರ್ಯರು(ಸ) ಮುಆದ್‌ರನ್ನು(ರ) ಹಿಂದೆ ಕೂರಿಸಿಕೊಂಡು ಕತ್ತೆಯ ಮೇಲೂ ಸವಾರಿ ಮಾಡಿದ್ದಾರೆ. ವೇಗದ ಒಂಟೆ ಅವರನ್ನು ದೊಡ್ಡವರನ್ನಾಗಿ ಮಾಡಲಿಲ್ಲ, ಕತ್ತೆ ಅವರನ್ನು ಚಿಕ್ಕವರನ್ನಾಗಿ ಮಾಡಲಿಲ್ಲ.

ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳು ಇಂದಿಗೂ ನಿಂತಿವೆ. ಅವುಗಳೊಳಗೆ ಮಲಗಿದವರಿಗೂ ಅಂದದ ಕುದುರೆಗಳಿದ್ದಿರಬೇಕು. ಆ ಕುದುರೆಗಳ ಬಣ್ಣ ಇಂದು ಯಾರಿಗೂ ತಿಳಿದಿಲ್ಲ. ಅವುಗಳ ಮೇಲೆ ಕುಳಿತು ಅವರು ಮಾಡಿದ್ದು ಮಾತ್ರ ಅಲ್ಲಾಹನ ಬಳಿ ದಾಖಲಾಗಿದೆ. ವಾಹನ ಏರುವಾಗ ಓದುವ ದುಆ ನಮಗೆಲ್ಲ ಕಂಠಪಾಠ. ಈ ಸವಾರಿಯನ್ನು ವಶಪಡಿಸಿಕೊಟ್ಟವನು ಅಲ್ಲಾಹನೇ, ನಾವು ಅವನ ಬಳಿಗೆ ಮರಳುವವರು ಎಂಬುದು ಅದರ ಸಾರ. ಚಾವಿ ತಿರುಗಿಸುವ ಮುನ್ನ ಅದರ ಅರ್ಥವನ್ನು ಒಮ್ಮೆ ನೆನೆಯಿರಿ. ಆಮೇಲೆ ಕಾರು ಚೆಂದವಿರಲಿ, ಅಡ್ಡಿಯಿಲ್ಲ.

ನಮ್ಮ ಸವಾರಿಗಳನ್ನು ಅಲ್ಲಾಹನು ನಮಗೆ ಪುಣ್ಯವನ್ನಾಗಿಯೂ ಮರೆಯನ್ನಾಗಿಯೂ ಮಾಡಲಿ, ಹೊರೆಯನ್ನಾಗಿ ಮಾಡದಿರಲಿ. ಆಮೀನ್.